ಕಪ್ಪು ಬಣ್ಣದ ಕೆಳಗೆ ಏನಿದೆ ಅಂತ ಎಫ್‌ಸಿ ಯಾಕೆ ಹೇಳೋದಿಲ್ಲ?

ಕಳೆದ ಮಳೆಗಾಲದಲ್ಲಿ ನಮ್ಮ ಗುಂಪಿನ ಒಬ್ಬಳ ಚಿಕ್ಕಪ್ಪ ಓಡಿಸುತ್ತಿದ್ದ ಓಮ್ನಿಯ ಮುಂದಿನ ಎಡ ಚಕ್ರ ರಸ್ತೆ ನಡುವೆ ಮಡಚಿಕೊಂಡು ಬಿತ್ತು. ಕುಂದಾಪುರದಿಂದ ಉತ್ತರಕ್ಕೆ, ಹೆದ್ದಾರಿಯಿಂದ ಊರಿನ ಒಳಗೆ ತಿರುಗುವ ರಸ್ತೆ. ಹಂಪ್ ದಾಟಿ ಇಳಿದದ್ದಷ್ಟೇ, ಢಬ್ ಅಂತ ಶಬ್ದ ಬಂತು, ಗಾಡಿ ಎಡಕ್ಕೆ ವಾಲಿ ನಿಂತಿತು. ಹಿಂದೆ ಸೀಮಂತದ ಅಡುಗೆ ಪಾತ್ರೆಗಳು, ಪಕ್ಕದ ಸೀಟಿನಲ್ಲಿ ಚಿಕ್ಕಮ್ಮ. ವೇಗ ಇಪ್ಪತ್ತೂ ಇರಲಿಲ್ಲ. ಚಿಕ್ಕಮ್ಮನ ಮೊಣಕಾಲಿಗೆ ಪೆಟ್ಟಾಯಿತು, ಸಾರು ಚೆಲ್ಲಿತು, ಬೇರೆ ಏನೂ ಆಗಲಿಲ್ಲ.

ಅದಕ್ಕಿಂತ ಐದು ನಿಮಿಷ ಮೊದಲು ಅದೇ ಗಾಡಿ ಹೆದ್ದಾರಿ 66ರಲ್ಲಿ ಲಾರಿಗಳ ನಡುವೆ ಅರವತ್ತರಲ್ಲಿ ಬರುತ್ತಿತ್ತು. ಅಲ್ಲೇ ಮುರಿದಿದ್ದರೆ ನಾವು ಇವತ್ತು ಬೇರೆ ರೀತಿಯ ಬರಹ ಬರೆಯಬೇಕಾಗಿತ್ತು.

ಗಾಡಿಯ ಎಫ್‌ಸಿ ಸರಿಯಾಗೇ ಇತ್ತು. ಅದೇ ನಮ್ಮ ಜಗಳ.

ಗಾಡಿ 2009ರದ್ದು. 15 ವರ್ಷ ಆದ ಮೇಲೆ 2024ರಲ್ಲಿ ರಿನ್ಯೂವಲ್ ಆಗಿದೆ, ಐದು ವರ್ಷಕ್ಕೆ. ಚಿಕ್ಕಪ್ಪ ಅದನ್ನು ಕೊಂಡದ್ದು ರಿನ್ಯೂವಲ್ ಆದ ನಂತರವೇ. ಕೊಳ್ಳುವಾಗ ಕೆಳಗೆ ಬಗ್ಗಿ ನೋಡೋಣ ಅಂದರೆ ಬ್ರೋಕರ್ ನಕ್ಕನಂತೆ. "ಎಂತ ನೋಡ್ಲಿಕ್ಕೆ ಉಂಟು ಮಾರಾಯ್ರೆ, ಎಫ್‌ಸಿ ಆಗಿದೆಯಲ್ಲ? 2029ರ ತನಕ ನಿಮಗೆ ಚಿಂತೆ ಇಲ್ಲ." ಆದರೂ ಚಿಕ್ಕಪ್ಪ ಬಗ್ಗಿ ನೋಡಿದರು. ಕೆಳಗೆಲ್ಲ ಕಪ್ಪು ಬಣ್ಣ, ಹೊಸದರ ಹಾಗೆ ಮಿರಿಮಿರಿ. ಅದನ್ನು ನೋಡಿ ಅವರಿಗೆ ಧೈರ್ಯ ಬಂತು. ಹೆದರಬೇಕಾಗಿದ್ದ ಜಾಗ ಅದು. ಹದಿನೈದು ವರ್ಷದ ಗಾಡಿಯ ಹೊಟ್ಟೆ ಹೊಸದರ ಹಾಗೆ ಹೊಳೆಯುತ್ತಿದೆ ಅಂದರೆ ಯಾರೋ ಯಾವುದನ್ನೋ ಮುಚ್ಚಿದ್ದಾರೆ.

ಮುರಿದದ್ದು ಲೋವರ್ ಆರ್ಮ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇವೆ. ಮುಂದಿನ ಚಕ್ರ ಗಾಡಿಯ ಬಾಡಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಮೇಲಿನಿಂದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಹಿಡಿದಿರುತ್ತವೆ. ಕೆಳಗಿನಿಂದ ಹಿಡಿದಿರುವುದು ಮನುಷ್ಯನ ಮೊಣಕೈಯಷ್ಟು ಉದ್ದದ ಒಂದು ಕಬ್ಬಿಣದ ತೋಳು, ಅದೇ ಲೋವರ್ ಆರ್ಮ್. ಅದರ ಒಂದು ತುದಿ ರಬ್ಬರ್ ಬುಷ್ ಹಾಕಿ ಬೋಲ್ಟಿನಲ್ಲಿ ಬಾಡಿಗೆ ಸೇರಿರುತ್ತದೆ. ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್, ನಮ್ಮ ಭುಜದ ಕೀಲಿನ ಹಾಗೆ, ಚಕ್ರ ಎಡ ಬಲ ತಿರುಗಲು. ಬ್ರೇಕ್ ಒತ್ತಿದಾಗ, ಗುಂಡಿಗೆ ಬಿದ್ದಾಗ, ತಿರುವಿನಲ್ಲಿ, ಪೂರ್ತಿ ಎಳೆತ ಇದರ ಮೇಲೆ. ಇದು ತುಂಡಾದರೆ ಚಕ್ರ ಹೊರಗೆ ಮಡಚುತ್ತದೆ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಗಾಡಿ ಮಾತು ಕೇಳುವುದಿಲ್ಲ.

ಬಹಳಷ್ಟು ಕಾರುಗಳಲ್ಲಿ ಈ ಆರ್ಮ್ ಗಟ್ಟಿ ಸಲಾಕೆ ಅಲ್ಲ. ದಪ್ಪ ತಗಡನ್ನು ಒತ್ತಿ ಆಕಾರ ಕೊಟ್ಟು, ಅಂಚು ಸೇರಿಸಿ ಬೆಸೆದದ್ದು, ಒಳಗೆ ಟೊಳ್ಳು. ನೀರು ಇಳಿಯಲು ಸಣ್ಣ ತೂತು ಇರುತ್ತದೆ, ಅದಕ್ಕೆ ಕೆಸರು ಮೆತ್ತಿಕೊಂಡರೆ ನೀರು ಒಳಗೇ ಕೂರುತ್ತದೆ. ಬರೀ ಮಳೆ ನೀರಾದರೆ ತುಕ್ಕು ನಿಧಾನ. ಉಪ್ಪು ಸೇರಿದರೆ ಅದರ ಓಟವೇ ಬೇರೆ. ಉಪ್ಪು ಗಾಳಿಯಿಂದ ತೇವ ಎಳೆಯುತ್ತದೆ, ಒಣಗಲು ಬಿಡುವುದಿಲ್ಲ, ಬಣ್ಣದ ಸಣ್ಣ ಬಿರುಕಿನೊಳಗೂ ನುಗ್ಗುತ್ತದೆ. ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಹೊರಗಿನಿಂದ ನಮಗೆ ಕಾಣುವಷ್ಟರಲ್ಲಿ ಒಳಗಿನ ಊಟ ಮುಗಿದಿರುತ್ತದೆ.

ಉಪ್ಪು ಎಲ್ಲಿಂದ ಬಂತು ಅಂತ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ. ಗಾಳಿ ಇರುವ ದಿನ ಬೈಕಿನಲ್ಲಿ ಹೋದರೆ ತುಟಿ ನೆಕ್ಕಿದಾಗ ಉಪ್ಪು ಸಿಗುತ್ತದೆ. ಮೇಲಿನಿಂದ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಸಾಲದ್ದಕ್ಕೆ ಬಂದರಿನಿಂದ ಬರುವ ಮೀನಿನ ಲಾರಿ, ಟೆಂಪೋಗಳು ರಸ್ತೆ ಉದ್ದಕ್ಕೂ ಉಪ್ಪು ನೀರು ಚೆಲ್ಲಿಕೊಂಡು ಹೋಗುತ್ತವೆ. ಆ ನೀರಿನಲ್ಲಿ ಬೈಕ್ ಜಾರಿ ಬೀಳುವುದನ್ನು ಎಲ್ಲರೂ ನೋಡಿದ್ದೇವೆ. ಅದೇ ನೀರು ಹಿಂದೆ ಬರುವ ಕಾರಿನ ಹೊಟ್ಟೆಗೆ ಚಿಮ್ಮುವುದು ಮಾತ್ರ ಕಾಣುವುದಿಲ್ಲ.

ಗ್ಯಾರೇಜಿನಲ್ಲಿ ಆರ್ಮ್ ಬಿಚ್ಚಿ ಕೆಳಗಿಟ್ಟಾಗ ನಾವು ಮೂವರು ಅಲ್ಲೇ ಇದ್ದೆವು. ಮುರಿದ ಜಾಗ ಬಾಲ್ ಜಾಯಿಂಟಿನ ಹತ್ತಿರ. ಅಲ್ಲಿ ಯಾರೋ ಮೊದಲೇ ಒಂದು ತಗಡಿನ ತುಂಡು ಇಟ್ಟು ವೆಲ್ಡಿಂಗ್ ಮಾಡಿದ್ದರು, ಅದರ ಮೇಲೆ ಕಪ್ಪು ಬಣ್ಣ. ಮೆಕ್ಯಾನಿಕ್ ಅಣ್ಣ ಸ್ಕ್ರೂಡ್ರೈವರ್‌ನಲ್ಲಿ ಬಣ್ಣ ಕೆರೆದರು. ಪದರ ಪದರವಾಗಿ, ಹಳೆ ಹಪ್ಪಳದ ಹಾಗೆ ಎದ್ದು ಬಂತು. ಇನ್ನೊಂದು ಬದಿಯ ಆರ್ಮ್‌ಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಒಳ್ಳೆಯ ಕಬ್ಬಿಣ ಟಣ್ ಅನ್ನಬೇಕು. ಅದು ದೊಪ್ ಅಂತು. ಎರಡನೇ ಪೆಟ್ಟಿಗೆ ತೂತು ಬಿತ್ತು.

ತುಕ್ಕು ತಿಂದ ಆರ್ಮ್‌ಗೆ ವೆಲ್ಡಿಂಗ್ ಅನ್ನುವುದು ರಿಪೇರಿ ಅಲ್ಲ, ಮೋಸ. ಹೊಸ ತಗಡು ಗಟ್ಟಿ ಇರಬಹುದು, ಅದು ಅಂಟಿಕೊಂಡಿರುವುದು ಕಾಗದದಷ್ಟು ತೆಳ್ಳಗಾದ ಹಳೆ ಕಬ್ಬಿಣಕ್ಕೆ. ಬೆಂಕಿಯ ಶಾಖಕ್ಕೆ ಒಳಗೆ ಉಳಿದಿದ್ದ ಚೂರುಪಾರು ಬಣ್ಣವೂ ಸುಟ್ಟು ಹೋಗುತ್ತದೆ. ಅಲ್ಲಿಂದ ತುಕ್ಕಿಗೆ ಹಬ್ಬ. ಅಂಡರ್‌ಬಾಡಿ ಕೋಟಿಂಗ್ ಅಂತ ದಪ್ಪ ಕಪ್ಪು ಅಂಟು ಹೊಡೆಯುತ್ತಾರಲ್ಲ, ಹೊಸ ಗಾಡಿಗೆ ಅದು ಒಳ್ಳೆಯದೇ. ತುಕ್ಕಿನ ಮೇಲೆ ಹೊಡೆದರೆ ಗಾಯ ತೊಳೆಯದೆ ಬ್ಯಾಂಡೇಜ್ ಸುತ್ತಿದ ಹಾಗೆ, ಒಳಗೆ ಕೊಳೆಯುತ್ತದೆ.

ಹಾಗಾದರೆ ಮೆಕ್ಯಾನಿಕ್‌ಗಳೇ ಕಳ್ಳರೇ? ನಾವು ಹಾಗೆ ಹೇಳುವುದಿಲ್ಲ. ಊರಿನ ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ಕೂತು ನೋಡಿ. "ಹೊಸ ಆರ್ಮ್ ಹಾಕ್ಬೇಕು" ಅಂದ ಕೂಡಲೇ ಗಿರಾಕಿ ಮುಖ ಸಿಂಡರಿಸುತ್ತಾನೆ. "ಈಗ ಹೇಗಾದ್ರೂ ಓಡುವ ಹಾಗೆ ಮಾಡಿ ಕೊಡಿ, ಆಚೆ ತಿಂಗ್ಳು ನೋಡುವ." ಆಚೆ ತಿಂಗಳು ಬರುವುದಿಲ್ಲ, ಗಾಡಿ ಮಾರಾಟಕ್ಕೆ ಬರುತ್ತದೆ. ಚಿಕ್ಕ ಕಾರಿನ ಎರಡು ಲೋವರ್ ಆರ್ಮ್‌ಗೆ ಬೀಳುವ ಖರ್ಚು ಒಂದು ಜೊತೆ ಟಯರಿನ ದುಡ್ಡಿಗಿಂತ ಕಡಿಮೆ. ಸೀಟ್ ಕವರಿಗೆ, ಸೌಂಡ್ ಬಾಕ್ಸಿಗೆ, ಹಿಂದಿನ ಗಾಜಿನ ಮೇಲೆ ಮಕ್ಕಳ ಹೆಸರು ಬರೆಸಲು ನಮ್ಮ ಹತ್ತಿರ ದುಡ್ಡು ಇರುತ್ತದೆ. ಈ ಮಾತು ನಮಗೂ ಸೇರಿಸಿಯೇ ಹೇಳುತ್ತಿದ್ದೇವೆ, ನಮ್ಮಲ್ಲೊಬ್ಬನ ಆಲ್ಟೋದಲ್ಲಿ ಎರಡು ವರ್ಷದಿಂದ ಕಟಕಟ ಶಬ್ದ ಇತ್ತು, ಅವನು ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿಕೊಂಡು ಓಡಿಸುತ್ತಿದ್ದ.

ಆದರೆ ನಮ್ಮ ದೊಡ್ಡ ಸಿಟ್ಟು ಆ ಕಾಗದದ ಮೇಲೆ. ಗಾಡಿ ಓಡಲು ಯೋಗ್ಯ ಅಂತ ಸರಕಾರ ಸೀಲು ಹೊಡೆದು ಕೊಟ್ಟ ಕಾಗದ.

ನಿಯಮ ಏನಿದೆ ನೋಡಿ. ಬಾಡಿಗೆಯ ಹಳದಿ ಬೋರ್ಡ್ ಗಾಡಿಗಾದರೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಸ್ವಂತದ ಬಿಳಿ ಬೋರ್ಡ್ ಕಾರಿಗೆ ಮೊದಲ 15 ವರ್ಷ ಅಂಥ ಪರೀಕ್ಷೆಯೇ ಇಲ್ಲ. ಹೊಸತರಲ್ಲಿ ರಿಜಿಸ್ಟರ್ ಆದರೆ ಮುಗಿಯಿತು. 15 ಆದ ಮೇಲೆ ರಿನ್ಯೂವಲ್, ಅಲ್ಲಿಂದ ಮತ್ತೆ ಐದು ವರ್ಷ ಸುದ್ದಿಯಿಲ್ಲ. ಸಮುದ್ರದಿಂದ ಒಂದು ಕಿಲೋಮೀಟರ್ ದೂರದಲ್ಲಿ, ತೆಂಗಿನ ಗರಿ ಹೊದಿಸಿದ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಹದಿನೈದು ವರ್ಷ ಅಂದರೆ ಒಂದು ಜನ್ಮ.

ಇದೇ ರಿನ್ಯೂವಲ್ ಫೀಸನ್ನು 2022ರ ಏಪ್ರಿಲ್‌ನಿಂದ ಕಾರಿಗೆ 600 ರೂಪಾಯಿಯಿಂದ 5,000ಕ್ಕೆ ಏರಿಸಿದರು. ಹಳೆ ಗಾಡಿ ಅಪಾಯ, ಹೊಗೆ ಜಾಸ್ತಿ, ಜನ ಅದನ್ನು ಬಿಡಲಿ ಅನ್ನುವುದು ಕಾರಣ. ಸರಿ, 5,000 ತೆಗೆದುಕೊಂಡವರು ಕೆಳಗೆ ಬಗ್ಗಿ ನೋಡಬೇಡವೇ? ಚಿಕ್ಕಪ್ಪನ ಗಾಡಿಯನ್ನು ಯಾರಾದರೂ ಗುಂಡಿಯ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು, ಆರ್ಮ್‌ಗೆ ಒಂದೇ ಒಂದು ಸಲ ಸುತ್ತಿಗೆ ತಟ್ಟಿದ್ದರೂ ಅದು ಪಾಸಾಗುತ್ತಿರಲಿಲ್ಲ. ತಟ್ಟಲಿಲ್ಲವೋ, ತಟ್ಟಿಯೂ ಪಾಸು ಮಾಡಿದರೋ, ಅಥವಾ ಆಗ ಗಟ್ಟಿಯಿದ್ದು ಆಮೇಲೆ ಹಾಳಾಯಿತೋ? ಕಾಗದ ನೋಡಿದರೆ ಯಾವುದೂ ಗೊತ್ತಾಗುವುದಿಲ್ಲ. ಅದರಲ್ಲಿರುವುದು ಒಂದು ತಾರೀಖು. ಮೊಬೈಲಿನಲ್ಲಿ ಪರಿವಾಹನ್ ಆ್ಯಪ್ ತೆರೆದು ಗಾಡಿ ನಂಬರ್ ಹಾಕಿದರೂ ಅಷ್ಟೇ. ಫಿಟ್‌ನೆಸ್ ಎಲ್ಲಿಯ ತನಕ, ಇನ್ಶೂರೆನ್ಸ್ ಎಲ್ಲಿಯ ತನಕ, ಹೊಗೆ ಸರ್ಟಿಫಿಕೇಟ್ ಎಲ್ಲಿಯ ತನಕ. ಪರೀಕ್ಷೆ ಮಾಡಿದವರಿಗೆ ಏನು ಕಂಡಿತು ಅನ್ನುವ ಒಂದು ಸಾಲೂ ಇಲ್ಲ.

ಇದು ಆಗದ ಕೆಲಸ ಅನ್ನುವವರಿಗೆ ಒಂದು ಕತೆ ಹೇಳುತ್ತೇವೆ. ನಮ್ಮ ಜೊತೆ ಓದಿದವನ ಅಣ್ಣ ಇಂಗ್ಲೆಂಡಿನಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರಿಗೆ ಚಿಕ್ಕಂದಿನಿಂದ ಸ್ಪೋರ್ಟ್ಸ್ ಕಾರಿನ ಹುಚ್ಚು. ಹೊಸದು ಕೊಳ್ಳುವಷ್ಟು ಸಂಬಳ ಇಲ್ಲ, ಹಾಗಾಗಿ 2001ರ ಒಂದು ಮಾಜ್ಡಾ ಎಂಎಕ್ಸ್-5 ನೋಡಿದರು. ಎರಡೇ ಸೀಟು, ಮೇಲಿನ ಟಾಪು ಹಿಂದಕ್ಕೆ ಮಡಚುವಂಥದ್ದು. ಅಲ್ಲಿ ಸಮುದ್ರದ ಉಪ್ಪಿನ ಮಾತಲ್ಲ. ಚಳಿಗಾಲದಲ್ಲಿ ರಸ್ತೆ ಮೇಲೆ ನೀರು ಹೆಪ್ಪುಗಟ್ಟದಿರಲಿ ಅಂತ ಸರಕಾರವೇ ಲಾರಿಯಲ್ಲಿ ಉಪ್ಪು ಸುರಿಯುತ್ತದೆ. ಆ ಕಾಲದ ಎಂಎಕ್ಸ್-5ಗಳ ಮುಂದಿನ ಚಾಸಿ ಭಾಗ, ಸಸ್ಪೆನ್ಶನ್ ಭಾಗಗಳು ತುಕ್ಕು ಹಿಡಿಯುವುದಕ್ಕೆ ಅಲ್ಲಿ ಹೆಸರುವಾಸಿ.

ಕಾರು ನೋಡಲು ಹೋಗುವ ಮೊದಲೇ ಅವರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಕಾರಿನ ನಂಬರ್ ಹಾಕಿದರು. ಅಲ್ಲಿ ಮೂರು ವರ್ಷ ತುಂಬಿದ ಪ್ರತಿ ಕಾರಿಗೂ ವರ್ಷಕ್ಕೊಮ್ಮೆ ಎಂಒಟಿ ಅನ್ನುವ ಪರೀಕ್ಷೆ ಕಡ್ಡಾಯ. 2005ರಿಂದ ಈಚಿನ ಪರೀಕ್ಷೆಗಳ ಫಲಿತಾಂಶ ಸರಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಪಾಸೋ ಫೇಲೋ ಅಂತ ಮಾತ್ರ ಅಲ್ಲ, ಯಾಕೆ ಫೇಲು, ಪಾಸಾಗಿದ್ದರೂ ಯಾವುದರ ಮೇಲೆ ಕಣ್ಣಿಡಬೇಕು, ಆ ದಿನ ಎಷ್ಟು ಮೈಲು ಓಡಿತ್ತು, ಎಲ್ಲ. ಅವರು ನೋಡಿದ ಕಾರಿಗೆ ಮೂರು ವರ್ಷ ಸತತ ಒಂದೇ ಸೂಚನೆ ಇತ್ತಂತೆ: ಮುಂದಿನ ಆರ್ಮ್‌ಗೆ ತುಕ್ಕು ಹಿಡಿದಿದೆ, ಇನ್ನೂ ತೀರಾ ಬಲ ಕಳೆದುಕೊಂಡಿಲ್ಲ. ನಾಲ್ಕನೇ ವರ್ಷ ಅದೇ ಆರ್ಮ್‌ಗೆ ಫೇಲು.

ಮಾರುವವನು "ಪೇಂಟ್ ನೋಡಿ ಸರ್" ಅನ್ನುವಷ್ಟರಲ್ಲಿ ಇವರ ಕೈಯಲ್ಲಿ ಪೂರ್ತಿ ಜಾತಕ ಇತ್ತು. ಬೆಲೆ ಇಳಿಸಿ ಕೊಂಡು, ಮೊದಲು ಮಾಡಿದ ಕೆಲಸವೇ ಎರಡೂ ಬದಿಯ ಆರ್ಮ್ ಬದಲಿಸಿದ್ದು. ಅದೂ ಸುಲಭ ಆಗಲಿಲ್ಲ. ಚಕ್ರದ ಅಲೈನ್‌ಮೆಂಟ್ ಕೂರಿಸುವ ಬೋಲ್ಟುಗಳು ಆ ಕಾರಿನಲ್ಲಿ ಕೆಳಗಿನ ಆರ್ಮ್‌ನ ಬುಷ್ ಒಳಗೇ ಹಾದುಹೋಗುತ್ತವೆ. ಅವು ಬುಷ್‌ನ ಕಬ್ಬಿಣದ ಕೊಳವೆಗೆ ತುಕ್ಕಿನಲ್ಲೇ ಬೆಸೆದುಕೊಂಡಿದ್ದವು. ಎರಡು ದಿನ ಎಣ್ಣೆ ಬಿಟ್ಟರು, ಬೆಂಕಿ ತೋರಿಸಿದರು, ಕೊನೆಗೆ ಗ್ರೈಂಡರ್ ಹಿಡಿದು ಕತ್ತರಿಸಿಯೇ ತೆಗೆದದ್ದು. ವೆಲ್ಡಿಂಗ್ ಮಾಡೋಣ ಅನ್ನುವ ಮಾತು ಬರಲೇ ಇಲ್ಲ ಅಂದರು.

ಅಲ್ಲಿಯ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ. ಸಸ್ಪೆನ್ಶನ್, ಸೀಟ್ ಬೆಲ್ಟ್ ಮುಂತಾದವು ಬಾಡಿಗೆ ಸೇರುವ ಜಾಗದ ಸುತ್ತ 30 ಸೆಂಟಿಮೀಟರ್ ಒಳಗೆ ತುಕ್ಕು ಬಲ ಕೆಡಿಸಿದ್ದರೆ ಕಾರು ಫೇಲು. ಅಂದರೆ ಆರ್ಮ್ ಹೊಸದು ಹಾಕಿದರೆ ಸಾಲದು, ಅದು ಹಿಡಿದುಕೊಳ್ಳುವ ಗೋಡೆಯೂ ಗಟ್ಟಿ ಇರಬೇಕು. ಅಲ್ಲಿಯವರೂ ದೇವರಲ್ಲ, 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ಆ ಪರೀಕ್ಷೆ ಕಡ್ಡಾಯ ಅಲ್ಲ, ಅದು ಯಾವ ಬುದ್ಧಿಯೋ ನಮಗೆ ಅರ್ಥವಾಗಿಲ್ಲ. ಆದರೆ ಕಂಡದ್ದನ್ನು ಬರೆದಿಡುತ್ತಾರೆ, ಬರೆದದ್ದನ್ನು ಬಚ್ಚಿಡುವುದಿಲ್ಲ. ಶೋಕಿಗೆ ಕೊಂಡ ಸ್ಪೋರ್ಟ್ಸ್ ಕಾರಿಗೆ ಸಿಕ್ಕ ಈ ಮರ್ಯಾದೆ, ಹೊಟ್ಟೆಪಾಡಿಗೆ ಕೊಂಡ ಓಮ್ನಿಗೆ ಯಾಕೆ ಬೇಡ?

ಅಮೆರಿಕದಲ್ಲಿ 2023ರಲ್ಲಿ ಹೋಂಡಾ ಕಂಪನಿ 2007ರಿಂದ 2011ರ ನಡುವಿನ ಸುಮಾರು 5.6 ಲಕ್ಷ ಸಿಆರ್-ವಿ ಕಾರುಗಳನ್ನು ವಾಪಸು ಕರೆಯಿತು. ಹಿಂದಿನ ಸಸ್ಪೆನ್ಶನ್ ಆರ್ಮ್ ಸೇರುವ ಜಾಗ ತುಕ್ಕಿಗೆ ಹಾಳಾಗುತ್ತಿತ್ತು ಅಂತ. ಗಮನಿಸಿ, ದೇಶಕ್ಕೆಲ್ಲ ಅಲ್ಲ, ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಗೆ ಮಾತ್ರ. ಉಪ್ಪಿನ ಊರು ಬೇರೆ, ಒಣ ಊರು ಬೇರೆ ಅಂತ ಅಲ್ಲಿ ಒಪ್ಪಿಕೊಂಡಿದ್ದಾರೆ. ಕಾರುಗಳಿಗೆ ಆಗಲೇ ಹನ್ನೆರಡು, ಹದಿನಾರು ವರ್ಷ ಆಗಿತ್ತು. ನಮ್ಮಲ್ಲಿ ಸರಕಾರ ಕಡ್ಡಾಯವಾಗಿ ವಾಪಸು ಕರೆಸಬಹುದಾದದ್ದು ಏಳು ವರ್ಷದ ಒಳಗಿನ ಗಾಡಿ ಮಾತ್ರ. ತುಕ್ಕು ತಲೆಯೆತ್ತುವ ಹೊತ್ತಿಗೆ ಕಾನೂನು ಬಾಗಿಲು ಹಾಕಿರುತ್ತದೆ.

ಕೆಲವರು ಕೇಳುತ್ತಾರೆ, ಹಳೆ ಗಾಡಿಯೇ ಬೇಡ, ಎಲ್ಲ ಗುಜರಿಗೆ ಹಾಕಿ, ಸರಕಾರ ಹೇಳುವುದೂ ಅದನ್ನೇ ತಾನೇ? ನಮಗೆ ಇದು ಒಪ್ಪಿಗೆ ಇಲ್ಲ. ಚಿತ್ರದುರ್ಗದ ಒಣ ಬಯಲಿನಲ್ಲಿ ಇಪ್ಪತ್ತು ವರ್ಷ ಓಡಿದ ಕಾರಿನ ಕೆಳಗೆ ನಾವು ಟಾರ್ಚ್ ಹಾಕಿ ನೋಡಿದ್ದೇವೆ, ಬರೀ ಕೆಂಪು ಧೂಳು, ಒರೆಸಿದರೆ ಕಂಪನಿಯ ಬಣ್ಣ ಕಾಣುತ್ತದೆ. ಮಲ್ಪೆ ಕಡೆಯ ಒಂಬತ್ತು ವರ್ಷದ ಕಾರಿನ ಕೆಳಗೂ ನೋಡಿದ್ದೇವೆ, ಬೋಲ್ಟಿನ ತಲೆ ಯಾವುದು ನಟ್ ಯಾವುದು ಗೊತ್ತಾಗದಷ್ಟು ಉಬ್ಬಿತ್ತು. ವರ್ಷ ಎಣಿಸಿ ಮೊದಲನೆಯದನ್ನು ಗುಜರಿಗೆ ಕಳಿಸಿ, ಎರಡನೆಯದನ್ನು ಇನ್ನೂ ಆರು ವರ್ಷ ಯಾರೂ ನೋಡುವುದಿಲ್ಲ ಅನ್ನುವ ನಿಯಮ ಯಾರ ಜೀವ ಉಳಿಸುತ್ತದೆ? ಹೊಸ ಗಾಡಿ ಕೊಳ್ಳುವ ಶಕ್ತಿ ಇದ್ದಿದ್ದರೆ ಚಿಕ್ಕಪ್ಪ 2009ರದ್ದನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಸ್ವಯಂಚಾಲಿತ ಪರೀಕ್ಷಾ ಕೇಂದ್ರ ಬಂದರೆ ಎಲ್ಲ ಸರಿಯಾಗುತ್ತದೆ ಅಂತಲೂ ಹೇಳುತ್ತಾರೆ. ಬರಲಿ, ಬ್ರೇಕನ್ನು ಯಂತ್ರ ಅಳೆಯಲಿ, ಸಂತೋಷ. ಆದರೆ ಟೊಳ್ಳಾದ ಆರ್ಮ್ ಮುರಿಯುವ ಹಿಂದಿನ ದಿನದ ತನಕವೂ ಭಾರ ಹೊರುತ್ತಲೇ ಇರುತ್ತದೆ, ಅದನ್ನು ಹಿಡಿಯಲು ಕೆಳಗಿಳಿದು ನೋಡುವ ಕಣ್ಣು ಬೇಕು. ಆ ಕಣ್ಣಿಗೆ ಕಂಡದ್ದು ಮುಂದೆ ಗಾಡಿ ಕೊಳ್ಳುವವನಿಗೆ ಗೊತ್ತಾಗದೆ ಹೋದರೆ ಇವತ್ತಿಗೂ ಅದಕ್ಕೂ ಏನು ವ್ಯತ್ಯಾಸ?

ನಾವು ಕೇಳುವುದು ಹೆಚ್ಚೇನಲ್ಲ. ಎಫ್‌ಸಿ ಮಾಡುವಾಗ ಕಂಡ ದೋಷವನ್ನು ಗಾಡಿ ನಂಬರಿನ ಜೊತೆ ಬರೆದಿಡಿ, ಕನ್ನಡದಲ್ಲಿ, ನಾವೆಲ್ಲ ಮೊಬೈಲಿನಲ್ಲಿ ಓದುವ ಹಾಗೆ. ಕರಾವಳಿ ತಾಲೂಕುಗಳ ಬಿಳಿ ಬೋರ್ಡ್ ಕಾರುಗಳ ಕೆಳಭಾಗವನ್ನು ಹದಿನೈದು ವರ್ಷ ಕಾಯದೆ ಮೊದಲೇ ನೋಡಿ. ಇದಕ್ಕೆ ಹೊಸ ಇಲಾಖೆ ಬೇಡ, ಒಂದು ಗುಂಡಿ, ಒಂದು ಟಾರ್ಚ್, ಒಂದು ಸುತ್ತಿಗೆ ಸಾಕು.

ಅವರು ಮಾಡುವ ತನಕ ನಮ್ಮ ಕೈಯಲ್ಲೇ ಇರುವ ಕೆಲಸವೂ ಇದೆ. ಹಳೆ ಗಾಡಿ ಕೊಳ್ಳುವ ಮೊದಲು ಬ್ರೋಕರಿನ ಅಂಗಳದಲ್ಲಿ ಅಲ್ಲ, ನಿಮಗೆ ಪರಿಚಯದ ಗ್ಯಾರೇಜಿನಲ್ಲಿ, ಲಿಫ್ಟ್ ಅಥವಾ ಗುಂಡಿ ಇರುವ ಕಡೆ ನೋಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಹೊಸ ಕಪ್ಪು ಬಣ್ಣ ಕಂಡರೆ ಕೆರೆಯಲು ಕೇಳಿ, ಕೆರೆಯಲು ಬಿಡದವನ ಗಾಡಿ ಬಿಟ್ಟು ಬನ್ನಿ. ಬಾಲ್ ಜಾಯಿಂಟಿನ ರಬ್ಬರ್ ಬೂಟ್ ಹರಿದಿದೆಯೇ ನೋಡಿ, ಹರಿದಿದ್ದರೆ ಒಳಗೆ ನೀರು ಮರಳು ಹೋಗಿ ಕೀಲು ಸವೆದಿರುತ್ತದೆ. ಈಗ ಇರುವ ಗಾಡಿಯಲ್ಲಿ ಹಂಪ್ ದಾಟುವಾಗ ಕಟಕಟ, ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆತ, ಮುಂದಿನ ಟಯರ್ ಒಂದೇ ಅಂಚಿನಲ್ಲಿ ಸವೆತ ಇದ್ದರೆ ಹಾಡು ನಿಲ್ಲಿಸಿ ಗ್ಯಾರೇಜಿಗೆ ಹೋಗಿ. ಬದಲಿಸುವುದಾದರೆ ಎರಡೂ ಬದಿ ಒಟ್ಟಿಗೆ, ನಟ್ ಬೋಲ್ಟೂ ಹೊಸದೇ. ಗುಜರಿಯಿಂದ ತಂದ ಆರ್ಮ್ ಬೇಡ, ಅದೂ ಇನ್ಯಾವುದೋ ಕಡಲತಡಿಯ ಗಾಡಿಯದ್ದೇ ಇರಬಹುದು. ಬುಷ್‌ನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಚಕ್ರ ನೆಲಕ್ಕೆ ತಾಗಿ ಗಾಡಿಯ ಭಾರ ಕೂತ ಮೇಲೆ. ಚಕ್ರ ನೇತಾಡುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾವಿಯ ಸಿಹಿನೀರು ಪೈಪಿನಲ್ಲಿ ಬಿಟ್ಟು ಕೆಳಭಾಗ ತೊಳೆಯಿರಿ, ಆರ್ಮ್‌ನ ತೂತಿನ ಕೆಸರು ಕಡ್ಡಿಯಲ್ಲಿ ತೆಗೆಯಿರಿ. ಕಾರಿನ ಮೇಲೆ ಉಜ್ಜುವ ಹೊತ್ತಿನಲ್ಲಿ ಕಾಲು ಭಾಗ ಸಾಕು.

ಚಿಕ್ಕಪ್ಪ ಈಗ ಎರಡೂ ಆರ್ಮ್ ಹೊಸದು ಹಾಕಿಸಿ ಗಾಡಿ ಓಡಿಸುತ್ತಿದ್ದಾರೆ, ಚಿಕ್ಕಮ್ಮ ಇನ್ನೂ ಹಂಪ್ ಬಂದಾಗ ಬಾಗಿಲ ಹಿಡಿ ಹಿಡಿದುಕೊಳ್ಳುತ್ತಾರೆ. ಹತ್ತು ರೂಪಾಯಿ ಕಟ್ಟಿ ನಾವು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ: ಆ ದಿನ ಆ ಗಾಡಿಯಲ್ಲಿ ಏನೇನು ನೋಡಿದರು, ಕೆಳಭಾಗ ನೋಡಿದ ಬಗ್ಗೆ ಬರೆದ ಕಾಗದ ಇದೆಯೇ, ಅದರ ನಕಲು ಕೊಡಿ. ಉತ್ತರಕ್ಕೆ 30 ದಿನ. ಬಂದ ಉತ್ತರವನ್ನು ಇಲ್ಲೇ ಹಾಕುತ್ತೇವೆ. ಅಷ್ಟರೊಳಗೆ ನಿಮ್ಮ ಗಾಡಿಯ ಕೆಳಭಾಗದ ಫೋಟೊ ತೆಗೆದು ಕಳಿಸಿ, ನಂಬರ್ ಪ್ಲೇಟ್ ಬೇಡ, ಯಾವ ವರ್ಷದ ಗಾಡಿ, ಸಮುದ್ರದಿಂದ ಎಷ್ಟು ದೂರ, ಎಫ್‌ಸಿ ಯಾವಾಗ ಆಯಿತು ಅಂತ ಬರೆಯಿರಿ. ಮುರಿದ ಆರ್ಮ್ ಗೋಣಿಯಲ್ಲಿ ಸುತ್ತಿ ನಮ್ಮ ಹತ್ತಿರವೇ ಇಟ್ಟುಕೊಂಡಿದ್ದೇವೆ. ನೋಡಬೇಕೆನ್ನುವವರು ಬನ್ನಿ, ಕೈಯಲ್ಲಿ ಹಿಡಿದು ನೋಡಿ. ಅರ್ಧ ಭಾರವೂ ಉಳಿದಿಲ್ಲ.